ವಿದ್ಯಾರ್ಥಿ ಪತ್ರಿಕೆಗಳಲ್ಲಿ ಭಾಷಿಕ ಬಹುತ್ವ: ಒಂದು ಜಾನಪದೀಯ ಪರಿಶೀಲನೆ

ಕನ್ನಡದ ಕಾಲೇಜು ಪತ್ರಿಕೆಗಳ ಚರ್ಚೆ ಸಾಮಾನ್ಯವಾಗಿ 'ಪ್ರಬುದ್ಧ ಕರ್ಣಾಟಕ'ದಿಂದ ಆರಂಭವಾಗುತ್ತದೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಹೊರಬಂದು, ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಳೆದ ಈ ಪತ್ರಿಕೆ ಹೊಸಗನ್ನಡ ಗದ್ಯಕ್ಕೆ ಸಲ್ಲಿಸಿದ ಸೇವೆ ನಿರ್ವಿವಾದವಾದುದು. ಆದರೆ ವಿದ್ಯಾವಂತನ ಕನ್ನಡವೆಂದರೆ ಹೀಗೇ ಇರಬೇಕೆಂಬ ಶಿಷ್ಟ ಮಾದರಿಯೂ ಇಂತಹ ಪ್ರಯತ್ನಗಳ ಜೊತೆಜೊತೆಗೇ ರೂಢಿಗೆ ಬಂದಿತೆಂಬುದನ್ನು ಮರೆಯುವಂತಿಲ್ಲ.

ಪತ್ರಿಕಾರಂಗದ ಪ್ರಾತಿನಿಧ್ಯದ ಪ್ರಶ್ನೆ ಹೊಸದೇನಲ್ಲ. 1996ರಲ್ಲಿ ಬಿ.ಎನ್. ಉನಿಯಾಲ್ ಅವರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ವಿಫಲರಾದ ಸಂಗತಿಯನ್ನು ದಾಖಲಿಸಿದರು. ಕರ್ನಾಟಕದಲ್ಲಿ 1973ರ ಬೂಸಾ ಪ್ರಕರಣದ ತರುವಾಯ ದಲಿತ ಯುವಜನರ ಬರಹಕ್ಕೆ ಮೈಸೂರಿನ 'ಪಂಚಮ'ದಂತಹ ಪತ್ರಿಕೆ ನೆಲೆಯಾಯಿತು. ಆ ಬರಹ ತನ್ನ ನೆಲೆಯನ್ನು ಕಾಲೇಜಿನ ಹೊರಗೆ ಕಂಡುಕೊಳ್ಳಬೇಕಾಯಿತೆಂಬುದೇ ಕಾಲೇಜು ಸಂಚಿಕೆಗಳ ಬಗೆಗೊಂದು ವಿಮರ್ಶೆ. ಸಂಪಾದಕ ಮಂಡಳಿಯ ಭಾವಚಿತ್ರದಲ್ಲಿ ಎಲ್ಲ ಸಮುದಾಯದವರೂ ಕುಳಿತ ಮಾತ್ರಕ್ಕೆ ಈ ಪ್ರಶ್ನೆ ಇತ್ಯರ್ಥವಾಗುವುದಿಲ್ಲ. ತಿದ್ದುವ ಕೈ ಯಾರ ಮಾತನ್ನು ಅಳಿಸುತ್ತದೆ ಎಂಬುದನ್ನೂ ನೋಡಬೇಕು.

ವಾರ್ಷಿಕ ಸಂಚಿಕೆಗಳ 'ಜಾನಪದ ವಿಭಾಗ' ಇದಕ್ಕೆ ಒಳ್ಳೆಯ ನಿದರ್ಶನ. ಅಜ್ಜಿಯಿಂದಲೋ ನೆರೆಯವರಿಂದಲೋ ವಿದ್ಯಾರ್ಥಿನಿಯೊಬ್ಬಳು ಬರೆದುಕೊಂಡ ತ್ರಿಪದಿ ಅಚ್ಚಿಗೆ ಹೋಗುವಷ್ಟರಲ್ಲಿ 'ಬಂದಾನ' ಎಂಬುದು 'ಬಂದಿದ್ದಾನೆ' ಆಗಿರುತ್ತದೆ. ಹಳೆಯ ಮೈಸೂರು ಸೀಮೆಯ 'ಆಲು' 'ಹಾಲು' ಆಗಿರುತ್ತದೆ. ತ್ರಿಪದಿ ಮೂಲತಃ ಅಂಶಗಣದ ಛಂದಸ್ಸು. ಹಾಡುವವರ ಎಳೆತದಲ್ಲಿಯೇ ಅದರ ಲಯ ನಿಂತಿರುವುದರಿಂದ ಈ ತಿದ್ದುಪಡಿಯಿಂದ ಅರ್ಥ ಉಳಿದರೂ ಹಾಡು ಉಳಿಯುವುದಿಲ್ಲ. ಹಕಾರ ನುಡಿಯದವರನ್ನು ತರಗತಿಯಲ್ಲಿ ಗೇಲಿ ಮಾಡುವ ಪ್ರವೃತ್ತಿಯೂ ಪುಟದ ಮೇಲೆ ಹಕಾರವನ್ನು ತುಂಬುವ ಸಂಪಾದಕೀಯ ಶ್ರದ್ಧೆಯೂ ಒಂದೇ ಬೇರಿನವು. ಇನ್ನು ಇಂತಹ ಪುಟಗಳಲ್ಲಿ ಸಂಗ್ರಾಹಕಿಯ ಹೆಸರು, ತರಗತಿ, ವಿಭಾಗ ಎಲ್ಲವೂ ಅಚ್ಚಾಗಿರುತ್ತವೆ. ಹಾಡಿದಾಕೆಯ ಹೆಸರು ಮಾತ್ರ ಅನೇಕ ವೇಳೆ ಇರುವುದಿಲ್ಲ. ಕ್ಷೇತ್ರಕಾರ್ಯದ ಮೊದಲ ಪಾಠವೇ ಇಲ್ಲಿ ತಪ್ಪಿದೆ.

ಭಾಷೆಗಳ ಹಂಚಿಕೆಯೂ ಚಿಂತನಾರ್ಹವಾದುದು. ಕನ್ನಡ, ಇಂಗ್ಲಿಷ್, ಹಿಂದಿ, ಸಂಸ್ಕೃತ ಎಂಬ ವಿಭಾಗಕ್ರಮವು ಪಠ್ಯವಿಷಯಗಳನ್ನು ಅನುಸರಿಸುತ್ತದೆಯೇ ಹೊರತು ವಿದ್ಯಾರ್ಥಿಗಳ ಮನೆಮಾತನ್ನಲ್ಲ. 2011ರ ಜನಗಣತಿಯಂತೆ ರಾಜ್ಯದ ಸುಮಾರು ಮೂರನೆಯ ಒಂದು ಭಾಗ ಜನರ ಮಾತೃಭಾಷೆ ಕನ್ನಡವಲ್ಲ. ಉರ್ದು ಎರಡನೆಯ ಸ್ಥಾನದಲ್ಲಿದೆ. ಲಂಬಾಣಿಯನ್ನಂತೂ ಜನಗಣತಿಯೇ ಹಿಂದಿಯ ಗುಂಪಿನಡಿ ಸೇರಿಸಿ ಎಣಿಸಿದೆ. ಹೀಗಾಗಿ ತಾಂಡಾದಿಂದ ಬಂದ ವಿದ್ಯಾರ್ಥಿಯ ನುಡಿ ಸಂಖ್ಯೆಯಲ್ಲಿಯೂ ಇಲ್ಲ, ಸಂಚಿಕೆಯಲ್ಲಿಯೂ ಇಲ್ಲ. ಕನ್ನಡದ ಕಾಲೇಜಿನಲ್ಲಿ ಕನ್ನಡಕ್ಕೇ ಪ್ರಾಧಾನ್ಯವಿರಬೇಕೆಂಬ ವಾದ ಸಾಧುವಾದುದೇ. ಆದರೆ ಮೂಲವನ್ನೂ ಅದರ ಕನ್ನಡ ಅನುವಾದವನ್ನೂ ಎದುರುಬದುರಾಗಿ ಅಚ್ಚುಮಾಡುವುದರಿಂದ ಆ ಪ್ರಾಧಾನ್ಯಕ್ಕೆ ಯಾವ ಕುಂದೂ ಇಲ್ಲ.

ಲಿಪಿಯಿಲ್ಲವೆಂಬ ನೆಪವೂ ನಿಲ್ಲುವಂಥದಲ್ಲ. ತುಳು, ಕೊಡವ, ಬ್ಯಾರಿ ಭಾಷೆಗಳ ಸಾಹಿತ್ಯ ಕನ್ನಡ ಲಿಪಿಯಲ್ಲಿಯೇ ಅಚ್ಚಾಗುತ್ತಿದೆ. ಕೈಬರಹದ ಭಿತ್ತಿಪತ್ರಿಕೆಗಂತೂ ಅಚ್ಚುಮೊಳೆಯ ಹಂಗೂ ಇಲ್ಲ. ಅದಕ್ಕೆ ಬೇಕಾದುದು ಒಂದು ಹಾಳೆ, ಮತ್ತು ಅದನ್ನು ತಿದ್ದದೆ ಅಂಟಿಸಬಲ್ಲ ಒಬ್ಬ ಅಧ್ಯಾಪಕ.