ಮಯಾಮಿ ನಾಲೆಗಳಲ್ಲಿ ಪರನಾಡಿನ ಮೀನು

ಅಮೆಜಾನ್ ಸೀಮೆಯ ಪೀಕಾಕ್ ಬಾಸ್ ಮೀನು ಫ್ಲಾರಿಡಾದ ಮಯಾಮಿ ನಾಲೆಗಳಿಗೆ ಕಣ್ತಪ್ಪಿ ಸೇರಿದ್ದಲ್ಲ. ಅಲ್ಲಿನ ಸರ್ಕಾರವೇ 1984ರಲ್ಲಿ ಬೇಕೆಂದು ತಂದು ಬಿಟ್ಟಿತು. ಅಷ್ಟರಲ್ಲಿ ಆಫ್ರಿಕಾದ ಚುಕ್ಕೆ ತಿಲಾಪಿಯಾ ಆ ನಾಲೆಗಳನ್ನು ತುಂಬಿಕೊಂಡಿತ್ತು. ಅದನ್ನು ತಿಂದು ತಗ್ಗಿಸುವ ಮೀನೊಂದು ಬೇಕಿತ್ತು, ಊರವರಿಗೆ ಗಾಳ ಹಾಕಲು ಒಳ್ಳೆಯ ಬೇಟೆಯೂ ಬೇಕಿತ್ತು.

ಈ ಯೋಜನೆಯ ವಿಜ್ಞಾನಿ ಪಾಲ್ ಶಾಫ್ಲಂಡ್ ಮೀನನ್ನು ಆರಿಸಿದ ರೀತಿಯನ್ನು ಮೆಚ್ಚಲೇಬೇಕು. ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಪೀಕಾಕ್ ಬದುಕದು. ಸುಣ್ಣಕಲ್ಲನ್ನು ಕೊರೆದು ತೋಡಿದ ಆಳದ ನಾಲೆಗಳಿಗೆ ಅಂತರ್ಜಲ ಒಸರುವುದರಿಂದ ಚಳಿಗಾಲದಲ್ಲೂ ನೀರು ಬೆಚ್ಚಗಿರುತ್ತದೆ. ಉತ್ತರಕ್ಕೆ ಹೋದರೆ ಚಳಿಯೇ ತಡೆಗೋಡೆ. 2010ರ ಜನವರಿಯ ಶೀತಕ್ಕೆ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಈ ಲೆಕ್ಕಾಚಾರ ಸರಿಯೆಂದು ಕಂಡಿತು. ಸ್ಥಳೀಯ ಮೀನುಗಳಿಗೆ ದೊಡ್ಡ ಹಾನಿಯಾಗಿಲ್ಲವೆಂದೂ ಶಾಫ್ಲಂಡ್ ಬರೆದರು.

ಆದರೆ ಈ ಗೆಲುವನ್ನು ಎಲ್ಲ ನೀರಿಗೂ ಅನ್ವಯಿಸುವುದು ಅಪಾಯ. ಇದೇ ಕುಲದ ಮೀನು 1960ರ ದಶಕದಲ್ಲಿ ಪನಾಮಾದ ಗಾತುನ್ ಸರೋವರ ಸೇರಿತು. ಅಲ್ಲಿನ ಹಲವು ಸ್ಥಳೀಯ ಮೀನುಗಳು ಕಾಣೆಯಾದ ಬಗೆಯನ್ನು ಜಾರೆಟ್ ಮತ್ತು ಪೇನ್ ಎಂಬ ಸಂಶೋಧಕರು 1973ರಲ್ಲಿ ದಾಖಲಿಸಿದ್ದಾರೆ. ಗಾಳದ ಮೋಜಿಗೆ ಹೊರಗಿನ ಮೀನು ಬಿಟ್ಟದ್ದರ ಬಿಸಿ ನಮಗೂ ತಟ್ಟಿದೆ. ಬೇರೆ ಕಡೆಯ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಕಾವೇರಿಯಲ್ಲಿ ಹೆಚ್ಚಿದ ಕಾಲದಲ್ಲೇ ಅಲ್ಲಿನದೇ ಆದ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ.

ಮಯಾಮಿಯಲ್ಲಿ ಗಾಳ ಹಾಕುವವರ ನಡತೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಗೂಡಿನ ಬೇಟೆ. ಪೀಕಾಕ್ ಜೋಡಿ ಗಟ್ಟಿ ನೆಲದ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ. ಆಗ ಗಂಡಿನ ನೆತ್ತಿ ಉಬ್ಬಿರುತ್ತದೆ, ಕಣ್ಣು ಕೆಂಪಗಿರುತ್ತದೆ, ಬಾಲದ ಬುಡದಲ್ಲಿ ಹೊಂಬಣ್ಣದ ಅಂಚಿನ ಕಪ್ಪು ಕಣ್ಣಿನ ಗುರುತು ತಿಳಿನೀರಿನಲ್ಲಿ ದಡಕ್ಕೇ ಕಾಣುತ್ತದೆ. ಹತ್ತಿರ ಸುಳಿದ ಏನನ್ನಾದರೂ ಅದು ಸಿಟ್ಟಿನಿಂದ ಕಚ್ಚುತ್ತದೆ. ಹಸಿವಿಲ್ಲದ ಮೀನನ್ನು ಹೀಗೆ ಎಳೆಯುವುದರಲ್ಲಿ ಯಾವ ಜಾಣತನವೂ ಇಲ್ಲ. ಫೋಟೊಗಾಗಿ ಅದನ್ನು ಮೇಲೆತ್ತಿ ಹಿಡಿದ ಹೊತ್ತಿನಲ್ಲೇ ಸುತ್ತ ಹೊಂಚುವ ಮೀನುಗಳು ಗೂಡಿಗೆ ನುಗ್ಗುತ್ತವೆ. ಅದೇ ಮೀನನ್ನು ಗೂಡಿಲ್ಲದ ಕಾಲದಲ್ಲಿ, ಹಗಲು ಬೆಳಕಿನಲ್ಲಿ, ಚುರುಕಾಗಿ ಓಡುವ ಕೃತಕ ಎರೆಯ ಹಿಂದೆ ಅಟ್ಟಿಸಿಕೊಂಡು ಬರುವಂತೆ ಮಾಡುವುದರಲ್ಲಿ ನಿಜವಾದ ಕಸುಬಿದೆ. ದೋಣಿಯಿಲ್ಲದವರೂ ಮನೆ ಹಿಂದಿನ ನಾಲೆಯಲ್ಲೇ ಆ ಸುಖ ಪಡೆಯಬಹುದು. ಈ ಗಾಳಗಾರಿಕೆಯ ದೊಡ್ಡ ಗುಣ ಇದು.

ಉಳಿದ ಹೊರಗಿನ ಮೀನುಗಳನ್ನೂ ಹಿಡಿದು ಮತ್ತೆ ನೀರಿಗೆ ಬಿಡುವುದು ಇನ್ನೊಂದು ತಪ್ಪು. ಮಧ್ಯ ಅಮೆರಿಕದ ಮಾಯನ್ ಸಿಕ್ಲಿಡ್, ನಮ್ಮ ಕೊರವ ಮೀನಿನ ಬಳಗದ ಬುಲ್ಸ್‌ಐ ಸ್ನೇಕ್‌ಹೆಡ್ ಯಾರೂ ಯೋಚಿಸಿ ಬಿಟ್ಟ ಮೀನುಗಳಲ್ಲ. ಸ್ನೇಕ್‌ಹೆಡ್ 2000ದಲ್ಲಿ ಫ್ಲಾರಿಡಾದ ಟಮರಾಕ್‌ನಲ್ಲಿ ಪತ್ತೆಯಾಯಿತು. ಇವಕ್ಕೆ ಅಲ್ಲಿ ಹಿಡಿಯುವ ಮಿತಿಯೇ ಇಲ್ಲ. ಗಾಳವೊಂದರಿಂದಲೇ ಇವುಗಳ ಸಂತತಿ ಕರಗದು, ಆದರೂ ದಂಡೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬಿಡಲು ಕಾರಣ ಕಾಣೆ.

ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಗಾಳದ ಹವ್ಯಾಸ ಇರುವವರಿಗೆ ನನ್ನ ಮಾತು ಇಷ್ಟೇ: ಮೊಟ್ಟೆ ಕಾಯುವ ಪೀಕಾಕ್ ಕಂಡರೆ ಮುಂದೆ ನಡೆಯಿರಿ. ಮಾಯನ್ ಸಿಕ್ಕಿದರೆ ಆರೋಗ್ಯ ಇಲಾಖೆಯ ಸೂಚನೆ ನೋಡಿಕೊಂಡು ಸಾರಿಗೆ ಹಾಕಿ. ಯಾವ ಮೀನನ್ನೂ ಬಕೆಟ್ಟಿನಲ್ಲಿ ಹೊತ್ತು ಬೇರೊಂದು ನೀರಿಗೆ ಬಿಡಬೇಡಿ.