ಪೋಲಾರಿಟಾನ್ ಕ್ಷಯಕ್ಕೆ ಒಂದೇ ಅಂಕಿ ಸಾಲದು

ಹೆನ್ರಿ ಮತ್ತು ಹಾಪ್‌ಫೀಲ್ಡ್ 1965ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಘನವಸ್ತು ಭೌತವಿಜ್ಞಾನದ ಅತ್ಯಂತ ಚೆಲುವಾದ ಕೆಲಸಗಳಲ್ಲಿ ಒಂದು. ಗ್ಯಾಲಿಯಂ ಫಾಸ್ಫೈಡ್ ಎಂಬ ಅರೆವಾಹಕ ಸ್ಫಟಿಕಕ್ಕೆ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು ಹಾಯಿಸಿ, ಕೆಲವೇ ಡಿಗ್ರಿಯಷ್ಟು ಓರೆಯಾಗಿ ಮುಂದಕ್ಕೆ ಚದುರಿದ ಬೆಳಕನ್ನು ಅವರು ಅಳೆದರು. ಕೋನ ಕಿರಿದಾದಂತೆ ಸ್ಫಟಿಕದ ಕಂಪನದ ಗುರುತಾದ ರಾಮನ್ ಗೆರೆ ಕೆಳ ಆವೃತ್ತಿಗೆ ಸರಿಯುತ್ತ ಹೋಯಿತು. ಜಾಲಕದ ಕಂಪನವೂ ಅವಕೆಂಪು ಬೆಳಕೂ ಬೆರೆತು ಒಂದೇ ಅಲೆಯಾಗುತ್ತವೆ ಎಂದು ಕುನ್ ಹುವಾಂಗ್ 1951ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಆ ಬೆರಕೆ ಅಲೆಯೇ ಪೋಲಾರಿಟಾನ್; ಗೆರೆ ಹಾಗೆ ಸರಿದದ್ದೇ ಅದಕ್ಕೆ ಪುರಾವೆ. ಹುವಾಂಗ್, ಮ್ಯಾಕ್ಸ್ ಬಾರ್ನ್ ಜೊತೆಗೂಡಿ ಜಾಲಕ ಸಿದ್ಧಾಂತದ ಮಹಾಗ್ರಂಥ ಬರೆದವರು. ಬಾರ್ನ್ 1935–36ರಲ್ಲಿ ರಾಮನ್ ಕರೆಯ ಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದ್ದವರು. ಮುಂದೆ ಇದೇ ಜಾಲಕ ಕಂಪನಗಳ ಬಗ್ಗೆ ಇಬ್ಬರ ನಡುವೆ ದೊಡ್ಡ ವಿವಾದವಾಯಿತು. ಬಾರ್ನ್ ಬಳಗದ ಲೆಕ್ಕಕ್ಕೆ ರಾಮನ್ ಪರಿಣಾಮವೇ ಸಾಕ್ಷಿ ನುಡಿದದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆದರೆ ಹೆನ್ರಿ-ಹಾಪ್‌ಫೀಲ್ಡ್ ಬಿಡಿಸಿದ, ಕೋನಕ್ಕೆ ತಕ್ಕಂತೆ ಆವೃತ್ತಿ ತೋರಿಸುವ ವಕ್ರರೇಖೆ ಅಲೆ ಯಾವ ಆವೃತ್ತಿಯಲ್ಲಿದೆ ಎಂದಷ್ಟೇ ಹೇಳುತ್ತದೆ. ಎಷ್ಟು ಹೊತ್ತು ಬಾಳುತ್ತದೆ ಎಂದು ಹೇಳುವುದಿಲ್ಲ. ಈ ಎರಡನೆಯ ಪ್ರಶ್ನೆಗೆ ಬಂದಾಗ ಒಂದು ಸುಲಭದ ರೂಢಿ ಬೇರುಬಿಟ್ಟಿದೆ. ಆಂದೋಲಕದ ಸೂತ್ರದಲ್ಲಿ ಕ್ಷಯದ ದರವೆಂದು ಒಂದು ಸ್ಥಿರಾಂಕ ಇಟ್ಟು, ಅಳತೆಗೆ ಹೊಂದಿಸಿ, ಮುಂದೆ ಸಾಗುವುದು. ನನ್ನ ತಕರಾರು ಈ ರೂಢಿಯ ಮೇಲೆ.

ಪೋಲಾರಿಟಾನಿನ ಬೆಳಕಿನ ಅಂಶ ಶುದ್ಧ ಸ್ಫಟಿಕದಲ್ಲಿ ತಾನಾಗಿ ನಂದುವುದಿಲ್ಲ. ಕ್ಷಯವೆಲ್ಲ ಕಂಪನದ ಅಂಶದಿಂದ. ಪರಮಾಣುಗಳ ನಡುವಿನ ಬಂಧ ಆದರ್ಶ ಸ್ಪ್ರಿಂಗ್ ಅಲ್ಲವಾದ್ದರಿಂದ ಒಂದು ಕಂಪನ ಒಡೆದು, ಎದುರುಬದುರು ದಿಕ್ಕಿಗೆ ಓಡುವ ಎರಡು ಕೆಳಶಕ್ತಿಯ ಅಲೆಗಳಾಗಬಲ್ಲದು. ಕ್ಲೆಮೆನ್ಸ್ 1966ರಲ್ಲಿ ಇದರ ಲೆಕ್ಕ ಕೊಟ್ಟರು. ಶಾಖ ಹೆಚ್ಚಾದರೆ ಒಡೆತ ಚುರುಕಾಗುತ್ತದೆ, ಆದರೆ ನಿರಪೇಕ್ಷ ಶೂನ್ಯದಲ್ಲೂ ಅದು ನಿಲ್ಲುವುದಿಲ್ಲ. ನೋಟು ಮುರಿಸಲು ಸರಿಯಾದ ಚಿಲ್ಲರೆ ಸಿಗಬೇಕಾದಂತೆ, ಇಲ್ಲಿ ಶಕ್ತಿಯೂ ಸಂವೇಗವೂ ಸರಿಹೋಗುವ ಜೋಡಿ ಸಿಗಬೇಕು. ಒಂದು ಆವೃತ್ತಿಯಲ್ಲಿ ಅಂಥ ಜೋಡಿಗಳು ಹೇರಳ, ಪಕ್ಕದಲ್ಲೇ ವಿರಳ. ಹೀಗಿರುವಾಗ ಕ್ಷಯಕ್ಕೆ ಒಂದೇ ಅಂಕಿ ಹೇಗೆ ಸಾಕಾದೀತು?

ಗ್ಯಾಲಿಯಂ ಫಾಸ್ಫೈಡ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಅಡ್ಡ ಕಂಪನ ಸೆಂಟಿಮೀಟರಿಗೆ 367 ಅಲೆಗಳ ಆವೃತ್ತಿಯಲ್ಲಿದೆ. ಸರಿಯಾಗಿ ಆ ಆಸುಪಾಸಿನಲ್ಲೇ ಜೋಡಿಗಳ ಸಂಖ್ಯೆ ಕಡಿದಾಗಿ ಬದಲಾಗುವುದರಿಂದ ಗೆರೆಯ ಆಕಾರವೇ ಒಂದು ಬದಿಗೆ ವಾಲಿದೆ. ಕ್ಷಯದ ದರ ಆವೃತ್ತಿಯೊಡನೆ ಬದಲಾಗುತ್ತದೆಂದು ಒಪ್ಪದೆ ಇದರ ಪ್ರತಿಫಲನ ರೋಹಿತವನ್ನು ವಿವರಿಸಲಾಗದು ಎಂದು ಬಾರ್ಕರ್ 1968ರಲ್ಲೇ ತೋರಿಸಿದ್ದರು. ಸಾಮಾನ್ಯ ಫೋನಾನ್, ಅಂದರೆ ಬೆಳಕು ಬೆರೆಯದ ಜಾಲಕ ಕಂಪನ, ಒಂದೇ ಆವೃತ್ತಿಗೆ ಅಂಟಿಕೊಂಡಿರುತ್ತದೆ; ಪೋಲಾರಿಟಾನನ್ನಾದರೋ ಕೋನ ಬದಲಿಸಿ ಬೇಕಾದ ಆವೃತ್ತಿಗೆ ಒಯ್ದು, ಅಲ್ಲಿ ಅದು ಹೇಗೆ ಒಡೆಯುತ್ತದೆಂದು ಕೇಳಬಹುದು. ಉಷಿಯೋಡಾ ಮತ್ತು ಸಂಗಡಿಗರು 1973ರಲ್ಲಿ ಮಾಡಿದ್ದು ಇದನ್ನೇ. ಹೆನ್ರಿ-ಹಾಪ್‌ಫೀಲ್ಡ್ ಕೆಲಸದ ನಿಜವಾದ ಮುಂದುವರಿಕೆ ಇದೆಂದು ನನ್ನ ಎಣಿಕೆ. ಸಿಕ್ಕಬೇಕಾದಷ್ಟು ಮನ್ನಣೆ ಇದಕ್ಕೆ ಸಿಕ್ಕಿಲ್ಲ.

ಅಳತೆಯೇನೂ ಸಲೀಸಲ್ಲ. ಒಂದು ಪಿಕೋಸೆಕೆಂಡ್ ಬಾಳುವ ಅಲೆಯ ಗೆರೆ ಸೆಂಟಿಮೀಟರಿಗೆ ಸುಮಾರು 5.3 ಅಲೆಗಳಷ್ಟು ಅಗಲವಿರುತ್ತದೆ; ಇನ್ನೂ ಹೆಚ್ಚು ಬಾಳಿದರೆ ಇನ್ನೂ ತೆಳು. ಮಸೂರ ಒಂದೇ ಕೋನದ ಬೆಳಕನ್ನಲ್ಲ, ಒಂದು ಶಂಕುವಿನಷ್ಟನ್ನು ಹಿಡಿಯುತ್ತದೆ. ವಕ್ರರೇಖೆ ಕಡಿದಾದಲ್ಲಿ ಆ ಕೋನಗಳ ಹರವೇ ಆವೃತ್ತಿಯ ಹರವಾಗಿ, ಕ್ಷಯದ ವೇಷ ಹಾಕಿ ನಿಲ್ಲುತ್ತದೆ. ಕಿರುಮಿಡಿತದ ಲೇಸರಿನಿಂದ ನೇರವಾಗಿ ಕಾಲವನ್ನೇ ಅಳೆಯುವವರಿಗೆ ಬೇರೆ ತೊಡಕು: ಪೋಲಾರಿಟಾನ್ ನಿಂತಲ್ಲಿ ನಿಲ್ಲದೆ ಓಡುತ್ತದೆ. ಸಂಕೇತ ಕುಂದಿದಾಗ ಅಲೆ ಅಳಿಯಿತೋ, ಲೇಸರ್ ಬಿದ್ದ ಜಾಗ ಬಿಟ್ಟು ಹೋಯಿತೋ ಎಂದು ಬಿಡಿಸಿ ಹೇಳಬೇಕು. ಅಲೆಗಳ ತಾಳ ತಪ್ಪುವುದಕ್ಕೆ ಹಿಡಿಯುವ ಕಾಲ, ಶಕ್ತಿ ಸೋರಿಹೋಗುವ ಕಾಲ ಎರಡೂ ಬೇರೆ. ಇವನ್ನು ಕಲಸಿ ‘ಆಯಸ್ಸು’ ಎಂದು ಬರೆಯುವ ಪ್ರಬಂಧಗಳನ್ನು ಎಚ್ಚರದಿಂದ ಓದಬೇಕು.

ಈಚಿನ ವರ್ಷಗಳಲ್ಲಿ ಆಸಕ್ತಿ ತೆಳುಪದರದ ಸ್ಫಟಿಕಗಳತ್ತ ಹೊರಳಿದೆ. ಮಾಲಿಬ್ಡಿನಂ ಟ್ರಯಾಕ್ಸೈಡಿನಲ್ಲಿ 8 ಪಿಕೋಸೆಕೆಂಡ್ ಬಾಳುವ ಪೋಲಾರಿಟಾನುಗಳ ವರದಿ 2018ರಲ್ಲಿ ಬಂತು. ಅಂಕಿ ದೊಡ್ಡದು, ನಿಜ. ಆದರೆ ಅಲೆ ತೀರಾ ನಿಧಾನವಾಗಿ ಚಲಿಸಿದರೆ ದೀರ್ಘಾಯುಸ್ಸಿನಲ್ಲೂ ಕ್ರಮಿಸುವ ದೂರ ಅಲ್ಪ. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಅದೇ ವರ್ಷದ ಬೋರಾನ್ ನೈಟ್ರೈಡ್ ಕೆಲಸ. ನಿಸರ್ಗದ ಬೋರಾನಿನಲ್ಲಿ ಸುಮಾರು 20 ಭಾಗ ಬೋರಾನ್-10, 80 ಭಾಗ ಬೋರಾನ್-11 ಇರುತ್ತದೆ. ಒಂದೇ ಸಮಸ್ಥಾನಿಯಿಂದ ಸ್ಫಟಿಕ ಬೆಳೆಸಿದಾಗ ಪೋಲಾರಿಟಾನಿನ ಆಯಸ್ಸು ಸುಮಾರು ಮೂರು ಪಟ್ಟಾಯಿತು. ಕ್ಷಯದ ಹಲವು ಕಾರಣಗಳಲ್ಲಿ ಒಂದಾದ ಸಮಸ್ಥಾನಿಗಳ ಬೆರಕೆಯನ್ನು ಪ್ರತ್ಯೇಕಿಸಿ ತೆಗೆದು, ಉಳಿದದ್ದೆಷ್ಟು ಎಂದು ಆ ಗುಂಪು ನೋಡಿತು. ಉಳಿದ ಆ ಕ್ಷಯವನ್ನು ಆವೃತ್ತಿಯಿಂದ ಆವೃತ್ತಿಗೆ ಅಳೆದು, ಯಾವ ಜೋಡಿಗೆ ಎಷ್ಟು ಪಾಲು ಎಂದು ಹಂಚಿ ತೋರಿಸುವ ಕೆಲಸ ಈ ಹೊಸ ಸ್ಫಟಿಕಗಳಲ್ಲೂ ಆಗಬೇಕು.