ಹುಚ್ಚು ಎಂಬ ಒಂದೇ ಮಾತು

ರಾಜಾಜಿನಗರದ ಯಾವುದೇ ಅಡ್ಡರಸ್ತೆಯಲ್ಲಿ ನಾಯಿಯೊಂದು ಯಾರನ್ನಾದರೂ ಕಚ್ಚಲಿ, ಸುತ್ತ ನೆರೆದವರು ಮೊದಲು ಕೇಳುವುದು 'ಹುಚ್ಚುನಾಯಿಯೇ?' ಎಂದು. ಅದೇ ರಸ್ತೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ಹೋಗುವ ಮನುಷ್ಯನಿಗೂ ನಾವು ಕೊಡುವ ಹೆಸರು ಹುಚ್ಚ. ಮದವೇರಿದ ಆನೆಗೂ ಹುಚ್ಚು ಹಿಡಿದಿದೆ ಎಂದುಬಿಡುತ್ತೇವೆ. ಮದವೆಂಬುದು ಆರೋಗ್ಯವಂತ ಗಂಡಾನೆಯ ದೇಹಧರ್ಮವೇ ಹೊರತು ರೋಗವಲ್ಲ. ಮರುಳು, ಭ್ರಮೆ, ಅರಳುಮರಳು, ಖಿನ್ನತೆ ಎಂದು ಬೇರೆ ಬೇರೆ ಪದಗಳಿರುವ ಭಾಷೆ ನಮ್ಮದು. ಆದರೂ ಭಯವಾದಾಗ ಬಾಯಿಗೆ ಬರುವುದು ಒಂದೇ ಮಾತು.

ಮನುಷ್ಯ ಮತ್ತು ಪ್ರಾಣಿಯನ್ನು ಹೀಗೆ ಒಂದೇ ತಕ್ಕಡಿಯಲ್ಲಿ ಇಡುವುದು ರೇಬೀಸ್ ವಿಷಯದಲ್ಲಿ ತಪ್ಪೇನಲ್ಲ. ಆ ರೋಗದಿಂದ ಸತ್ತ ನಾಯಿಯ ಮಿದುಳಿನಲ್ಲೂ ಮನುಷ್ಯನ ಮಿದುಳಿನಲ್ಲೂ ನರಕೋಶಗಳೊಳಗೆ ಒಂದೇ ಬಗೆಯ ಕಣಗಳು ಕಾಣಿಸುತ್ತವೆ. ಇಟಲಿಯ ಅಡೆಲ್ಕಿ ನೆಗ್ರಿ ಅವನ್ನು 1903ರಲ್ಲಿ ಗುರುತಿಸಿದರು. ನಮ್ಮ ಊರಿನಲ್ಲಿ ಪ್ರಾಣಿಯ ಮಿದುಳನ್ನು ಪರೀಕ್ಷಿಸುವ ಪ್ರಯೋಗಾಲಯ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿದೆ, ಮನುಷ್ಯರ ಮಾದರಿಗಳನ್ನು ಪರೀಕ್ಷಿಸುವುದು ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ. ಎರಡೂ ಕಡೆ ಹುಡುಕುವುದು ಒಂದೇ ವೈರಸ್ಸನ್ನು.

ಆದರೆ ವರ್ತನೆಗೆ ಬಂದರೆ ಹೋಲಿಕೆ ಮುರಿಯುತ್ತದೆ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ನಾಯಿಗೆ ನೀರು ನುಂಗಲಾಗದೇ ಹೋಗಬಹುದು, ಭಯವಿರುವುದಿಲ್ಲ. ರೇಬೀಸ್ ತಗುಲಿದ ಮನುಷ್ಯ ನಾಯಿಯಂತೆ ಬೊಗಳುತ್ತಾನೆ ಎಂಬುದಂತೂ ಶುದ್ಧ ಕಟ್ಟುಕತೆ. ಇನ್ನೂ ಅಪಾಯದ ಸಂಗತಿಯೆಂದರೆ, ರೇಬೀಸ್ ಬಂದ ನಾಯಿಗಳೆಲ್ಲ ಓಡಿ ಕಚ್ಚುವುದಿಲ್ಲ. ಮೂಕ ರೇಬೀಸ್ ಎಂಬ ಬಗೆಯಲ್ಲಿ ನಾಯಿ ಮೂಲೆ ಸೇರುತ್ತದೆ, ದವಡೆ ಜೋತುಬೀಳುತ್ತದೆ. ಗಂಟಲಿಗೆ ಮೂಳೆ ಸಿಕ್ಕಿರಬೇಕೆಂದು ಕರುಣೆಯಿಂದ ಬಾಯಿಗೆ ಕೈ ಹಾಕಿದವರು ಸಿಕ್ಕಿಬೀಳುತ್ತಾರೆ. ಲಕ್ಷಣ ತೋರುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಲ್ಲದು. 'ನಾಯಿಗೆ ಹುಚ್ಚೇನೂ ಇರಲಿಲ್ಲ' ಎಂದು ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆಯದೆ, ಲಸಿಕೆಗೆ ಹೋಗದೆ ಉಳಿದವರ ಪಾಲಿಗೆ ಆ ಒಂದು ಪದವೇ ಮೃತ್ಯುವಾಗುತ್ತದೆ. ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ವಿರಳಾತಿವಿರಳ.

ಇದೇ ಪದ ಮನುಷ್ಯರಿಗೆ ಮಾಡಿದ್ದೇನು ಎಂಬುದನ್ನು ನಮ್ಮ ಸಿನಿಮಾ ಬಲ್ಲದು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದ 'ಶರಪಂಜರ'ದಲ್ಲಿ ಕಾವೇರಿ ಹೆರಿಗೆಯ ನಂತರ ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ರೋಗ ಹೋಗಿದೆ, ಹೆಸರು ಹೋಗಿಲ್ಲ. ಅವಳ ನಗು, ಸಿಟ್ಟು, ಮೌನ ಎಲ್ಲದಕ್ಕೂ ಮನೆಯವರು ಹಳೆಯ ಅರ್ಥವನ್ನೇ ಹಚ್ಚುತ್ತಾರೆ. ಬೀದಿನಾಯಿಯ ಗುರುಗುಟ್ಟುವಿಕೆಯನ್ನು ನಾವು ಓದುವ ಕ್ರಮವೂ ಇದೇ. 2001ರ 'ಹುಚ್ಚ' ತೀರಾ ಬೇರೆ ಜಾತಿಯ ಚಿತ್ರ. ತಲೆಗೆ ಪೆಟ್ಟು ಬಿದ್ದ ನಾಯಕ, ಬೇಡಿ, ಸಂಕಟ, ಚಪ್ಪಾಳೆ. ರೋಗಕ್ಕಿಂತ ರೋಗದ ನೋಟ ಅಲ್ಲಿ ಮುಖ್ಯ. ಆದರೆ ಕೊನೆಯಲ್ಲಿ ಎರಡೂ ಚಿತ್ರಗಳು ಒಂದೇ ಕಡೆ ಹೋಗಿ ನಿಲ್ಲುತ್ತವೆ: ಗುಣವಾದವರು ಹೊರಗೆ ಬದುಕಲಾಗದೆ ಮರಳಿ ಅಲ್ಲಿಗೇ ಹೋಗುತ್ತಾರೆ. ಗುಣಮುಖನಾದ ಮನುಷ್ಯನನ್ನು ಎಲ್ಲಿ ಕೂರಿಸಬೇಕೆಂದು ನಮ್ಮ ಕತೆಗಾರರಿಗೂ ತೋಚಿಲ್ಲ. ಬೇಡಿ ತೆರೆಯ ಮೇಲಷ್ಟೇ ಇರಲಿಲ್ಲ ಎಂಬುದು ಅದೇ 2001ರ ಆಗಸ್ಟ್ 6ರಂದು ತಿಳಿಯಿತು. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನೆರಳಿನಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಮಾನಸಿಕ ರೋಗಿಗೆ ಯಾವ ರೂಪದಲ್ಲೂ ಸರಪಳಿ ಹಾಕಕೂಡದೆಂದು ಕಾನೂನು ಬರೆದದ್ದು 2017ರಲ್ಲಿ.

ಹಾಗಾದರೆ ಪ್ರಾಣಿಗಳಿಗೆ ನಮ್ಮಂಥ ಮನೋರೋಗಗಳೇ ಇಲ್ಲವೇ? ಇವೆ, ಆದರೆ ನಾವು ನೋಡುವ ಕಡೆ ಇಲ್ಲ. ಮುದಿ ನಾಯಿ ರಾತ್ರಿಯೆಲ್ಲ ಅಲೆಯುತ್ತದೆ, ಮೂಲೆಯಲ್ಲಿ ಸಿಕ್ಕಿಕೊಂಡು ತಿರುಗಲು ತಿಳಿಯದೆ ನಿಲ್ಲುತ್ತದೆ, ಸಾಕಿದವರನ್ನೇ ಗುರುತಿಸುವುದಿಲ್ಲ. ಅದರ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಗಂಟುಗಳು ಅಲ್ಝೈಮರ್ಸ್ ಬಂದ ಅಜ್ಜನ ಮಿದುಳಿನ ಗಂಟುಗಳನ್ನೇ ಹೋಲುತ್ತವೆ. ಸರಪಳಿಯಲ್ಲಿ ನಿಂತ ಆನೆ ಗಂಟೆಗಟ್ಟಲೆ ತೂಗಾಡಿದರೆ 'ನೋಡು, ಆನೆ ಕುಣಿಯುತ್ತಿದೆ' ಎಂದು ಮಕ್ಕಳಿಗೆ ತೋರಿಸುತ್ತೇವೆ. ಅದು ಬಂಧನ ತಂದಿಟ್ಟ ಚಾಳಿ. ಮೂಕಪ್ರಾಣಿಗೆ 'ನಿನಗೆ ಯಾರದಾದರೂ ದನಿ ಕೇಳಿಸುತ್ತಿದೆಯೇ?' ಎಂದು ಕೇಳುವಂತಿಲ್ಲವಾದ್ದರಿಂದ ಸ್ಕಿಜೋಫ್ರೇನಿಯಾದಂಥ ರೋಗದಲ್ಲಿ ಹೋಲಿಕೆ ಅರ್ಧದಲ್ಲೇ ನಿಲ್ಲುತ್ತದೆ.

ವಿಜ್ಞಾನಿಗಳೂ ಈ ಪದದೋಷದಿಂದ ಪಾರಾದವರಲ್ಲ. 1977ರಲ್ಲಿ ಪೋರ್ಸೋಲ್ಟ್ ಮತ್ತು ಸಂಗಡಿಗರು ಇಲಿಯನ್ನು ನೀರಿನ ಕೊಳವೆಯಲ್ಲಿ ಬಿಟ್ಟು, ಅದು ಈಜುವುದನ್ನು ನಿಲ್ಲಿಸಿದ್ದಕ್ಕೆ 'ಹತಾಶೆ' ಎಂದು ಹೆಸರಿಟ್ಟರು. ಖಿನ್ನತೆಯ ಎಷ್ಟೋ ಔಷಧಗಳು ಈ ಪರೀಕ್ಷೆಯನ್ನು ಹಾದು ಬಂದಿವೆ. ದಾರಿಯಿಲ್ಲವೆಂದು ಅರಿತ ಇಲಿ ಶಕ್ತಿ ಉಳಿಸಿಕೊಂಡು ತೇಲುವುದು ಜಾಣತನವೂ ಇರಬಹುದಲ್ಲ ಎಂಬ ಆಕ್ಷೇಪ ನಮಗೆ ಸರಿಯೆನಿಸುತ್ತದೆ.

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಸಂತಾನಹರಣ ಮಾಡಿ ಲಸಿಕೆ ಹಾಕಿದ ಬೀದಿನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದು ಹೇಳಿತು. ಬಿಡಬಾರದವು ಎರಡು ಬಗೆಯವು: ರೇಬೀಸ್ ತಗುಲಿದ ಅಥವಾ ತಗುಲಿರಬಹುದಾದ ನಾಯಿಗಳು, ಮತ್ತು ಆಕ್ರಮಣಕಾರಿ ವರ್ತನೆಯವು. ಮೊದಲನೆಯದನ್ನು ಪ್ರಯೋಗಾಲಯ ಹೇಳಬಲ್ಲದು. ನಿಂತ ಕಾರಿನಡಿ ನಾಲ್ಕು ಮರಿ ಹಾಕಿ, ಹತ್ತಿರ ಬಂದವರತ್ತ ಹಲ್ಲು ತೋರುವ ತಾಯಿನಾಯಿ ಎರಡನೆಯದಕ್ಕೆ ಸೇರುತ್ತದೆಯೋ ಇಲ್ಲವೋ ಎಂದು ನಮ್ಮ ಬೀದಿಯಲ್ಲಿ ತೀರ್ಮಾನಿಸಬೇಕಾದವನು ಬಲೆ ಹಿಡಿದು ವ್ಯಾನಿನಿಂದ ಇಳಿಯುವ ಪಾಲಿಕೆಯ ಕೂಲಿಯಾಳು.